ತವರಿಗೆ ಇನ್ನೊಂದು ದಾರಿ

ಗೆಳತಿಯರೇ, ಮದುವೆಯಾಗಿ ನಾನು ಆಳಂದಕ್ಕೆ ಬಂದು ಇಪ್ಪತ್ತಮೂರು ವರ್ಷವಾಯಿತು. ತವರು ಜೇವರ್ಗಿ ಕಡೆ. ಇಷ್ಟು ವರ್ಷವೂ ನಾನು ತವರಿಗೆ ಹೋದದ್ದು ಒಂದೇ ದಾರಿಯಲ್ಲಿ. ಆಳಂದದಲ್ಲಿ ಬಸ್ಸು ಹತ್ತಬೇಕು, ಕಡಗಂಚಿ ದಾಟಿ ಕಲಬುರಗಿ ಬಸ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿ ಮಕ್ಕಳನ್ನೂ ಚೀಲಗಳನ್ನೂ ಎಣಿಸಿಕೊಂಡು ಇನ್ನೊಂದು ಬಸ್ಸು ಹಿಡಿಯಬೇಕು. ಕಟ್ಟಿಸಂಗಾವಿಯ ಹತ್ತಿರ ಭೀಮಾ ನದಿಯ ಸೇತುವೆ ಬಂತೆಂದರೆ ಸಾಕು, ಮೂಗಿಗೆ ತವರಿನ ಗಾಳಿ. ಕಲಬುರಗಿಯಿಂದ ಆ ಕಡೆ ನಲವತ್ತು ಕಿಲೋಮೀಟರು, ಈ ಕಡೆ ನಲವತ್ತು ಕಿಲೋಮೀಟರು. ನನ್ನ ಪ್ರಪಂಚದ ನಡುಗಂಬವೆಂದರೆ ಕಲಬುರಗಿ ಬಸ್ ನಿಲ್ದಾಣ ಅಂತಲೇ ಇಟ್ಟುಕೊಳ್ಳಿ.

2024ರಲ್ಲಿ ಮಗಳಿಗೆ ಅಫಜಲಪುರದ ಸಂಬಂಧ ಗೊತ್ತಾಯಿತು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಆದರೂ ನನಗೆ ಒಳಗೊಳಗೇ ಸಂಕಟ. ತವರು ಒಂದು ದಿಕ್ಕು, ನನ್ನ ಮನೆ ಒಂದು ದಿಕ್ಕು, ಮಗಳು ಮತ್ತೊಂದು ದಿಕ್ಕಿಗೆ ಹೊರಟಳಲ್ಲ ಅಂತ. ಅಫಜಲಪುರಕ್ಕೆ ಹೋಗಬೇಕೆಂದರೂ ನನ್ನ ಲೆಕ್ಕದಲ್ಲಿ ಮೊದಲು ಕಲಬುರಗಿ ಬಸ್ ನಿಲ್ದಾಣವೇ, ಅಲ್ಲಿಂದ ಮತ್ತೆ ಅರವತ್ತು ಕಿಲೋಮೀಟರಿನ ಸುಮಾರು.

ಒಂದು ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ನಕಾಶೆ ತೆರೆದು ಸುಮ್ಮನೆ ನೋಡುತ್ತ ಕೂತಿದ್ದೆ. ಮಗ ಯಾವಾಗಲೋ ಹಾಕಿಕೊಟ್ಟಿದ್ದ ಆ್ಯಪು ಅದು, ನಾನು ಮುಟ್ಟಿಯೇ ಇರಲಿಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದಾಗ ಮೂರು ಊರೂ ಒಟ್ಟಿಗೆ ಕಂಡವು. ಮೇಲೆ ಆಳಂದ, ಕೆಳಗೆ ಎಡಗಡೆ ಅಫಜಲಪುರ, ಅದಕ್ಕೂ ಕೆಳಗೆ ಬಲಗಡೆ ಜೇವರ್ಗಿ. ಕಲಬುರಗಿ ಬಲಕ್ಕೆ ಬೇರೆಯಾಗಿಯೇ ಕೂತಿದೆ! ಆಳಂದದಿಂದ ಅಫಜಲಪುರಕ್ಕೆ ನೇರ ದಾರಿ ಇದೆ, ಅಲ್ಲಿಂದ ಭೀಮಾ ದಾಟಿ ಜೇವರ್ಗಿಗೂ ದಾರಿ ಇದೆ. ಬಸ್ಸಿನ ದಾರಿಯನ್ನೇ ಭೂಮಿಯ ಆಕಾರ ಅಂತ ನಂಬಿ ಕೂತಿದ್ದೆನಲ್ಲ! ಮಗಳ ಮನೆ ನನ್ನ ತವರಿನ ದಾರಿಯಲ್ಲೇ ಸಿಗುತ್ತದೆ ಅಂತ ಗೊತ್ತಾದಾಗ ಎಷ್ಟು ಹಗುರವಾಯಿತು ಅಂದರೆ, ನಮ್ಮವರನ್ನು ಎಬ್ಬಿಸಿ ತೋರಿಸಿದೆ. ಅವರು ಕಣ್ಣು ಉಜ್ಜಿಕೊಂಡು, “ನನಗ ಮೊದಲೇ ಗೊತ್ತಿತ್ತು” ಅಂದು ಮತ್ತೆ ಮಲಗಿದರು. ಗೊತ್ತಿದ್ದರೆ ಇಪ್ಪತ್ತಮೂರು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳುವ ಹೊತ್ತು ಅದಾಗಿರಲಿಲ್ಲ.

ಲಗ್ನಪತ್ರಿಕೆ ಹಂಚುವ ಕೆಲಸ ಬಂತು. ಅಕ್ಟೋಬರ್ ತಿಂಗಳು, ದೀಪಾವಳಿ ಮುಂದಿತ್ತು, ನಮ್ಮವರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಅಫಜಲಪುರದಲ್ಲಿ ಬೀಗರು, ಜೇವರ್ಗಿ ಕಡೆ ನನ್ನ ಅಣ್ಣ-ತಮ್ಮಂದಿರು, ದೊಡ್ಡವ್ವ. ನಾನೇ ಹೋಗುತ್ತೇನೆ ಅಂದೆ. ಜೊತೆಗೆ ನನ್ನ ನೆಗೆಣ್ಣಿ. ಕಾರು ನಡೆಸಲು ನಾದಿನಿಯ ಮಗ. ಇಪ್ಪತ್ತೆರಡು ವರ್ಷದ ಹುಡುಗ, ಸ್ಟೀರಿಂಗು ಹಿಡಿಯಲು ಬರುತ್ತದೆ, ದಾರಿ ಒಂದೂ ಗೊತ್ತಿಲ್ಲ. ದಾರಿ ಹೇಳುವ ಪದವಿ ನನಗೆ ಸಿಕ್ಕಿತು. ಫೋನು ಕೈಯಲ್ಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂತೆ. ಅದು ಯಾವಾಗಲೂ ನಮ್ಮವರು ಕೂರುವ ಜಾಗ ನೋಡಿ!

ಈ ಯಂತ್ರಕ್ಕೆ ನಾವು ಎಲ್ಲಿದ್ದೇವೆ ಅಂತ ಹೇಗೆ ತಿಳಿಯುತ್ತದೆ? ನಾನು ಮೊದಲು ಟವರಿನವರು ನಮ್ಮನ್ನು ನೋಡುತ್ತಿರುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರು ಮೇಲೆ ಜಿಪಿಎಸ್ ಉಪಗ್ರಹಗಳು ತಿರುಗುತ್ತಿರುತ್ತವೆ. ಅಮೆರಿಕದವರು ತಮ್ಮ ಸೈನ್ಯಕ್ಕೆಂದು ಹಾರಿಸಿದವು. ಇಪ್ಪತ್ತನಾಲ್ಕು ಉಪಗ್ರಹಗಳ ಈ ವ್ಯವಸ್ಥೆ 1995ರಲ್ಲಿ ಪೂರ್ತಿಯಾಯಿತು. ಪ್ರತಿಯೊಂದೂ “ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ” ಅಂತ ಸಾರುತ್ತಲೇ ಇರುತ್ತದೆ. ಆ ಸಂಕೇತ ನಮ್ಮ ಫೋನಿಗೆ ಮುಟ್ಟಲು ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲಿನಷ್ಟು ಹೊತ್ತು ಬೇಕು. ದೂರದ ಗುಡಿಯ ಗಂಟೆ ತಡವಾಗಿ ಕೇಳುತ್ತದೆ, ಹತ್ತಿರದ್ದು ಬೇಗ ಕೇಳುತ್ತದೆ ಅಲ್ಲವೆ? ನಾಲ್ಕು ಕಡೆಯ ಗಂಟೆ ಕೇಳಿ, ಯಾವುದು ಎಷ್ಟು ತಡವಾಯಿತು ಅಂತ ಲೆಕ್ಕ ಹಾಕಿ, ನಾನು ನಿಂತ ಜಾಗ ಇದು ಅಂತ ಫೋನು ಹೇಳುತ್ತದೆ. ನಾಲ್ಕಾದರೂ ಉಪಗ್ರಹ ಬೇಕು. ಮೊದಲು ಅಮೆರಿಕದವರು ಬೇರೆಯವರಿಗೆ ಬೇಕೆಂದೇ ನೂರು ಮೀಟರಿನಷ್ಟು ತಪ್ಪು ಬೆರೆಸಿ ಕೊಡುತ್ತಿದ್ದರಂತೆ, 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಇಸ್ರೋದವರೂ 2013ರಿಂದ ನಾವಿಕ್ ಎಂಬ ನಮ್ಮದೇ ಉಪಗ್ರಹಗಳನ್ನು ಹಾರಿಸಿದ್ದಾರೆ.

ಇದರಲ್ಲಿ ನಮಗೆ ಉಪಯೋಗದ ಮಾತೆಂದರೆ, ಉಪಗ್ರಹದ ಸಂಕೇತ ಕೇಳಲು ಇಂಟರ್‌ನೆಟ್ ಬೇಕಾಗಿಲ್ಲ. ಮೇಲೆ ಆಕಾಶ ಕಂಡರೆ ಆಯಿತು. ಬೇಕಾಗುವುದು ನಕಾಶೆಯ ಚಿತ್ರಕ್ಕೆ. ಅದಕ್ಕೇ ಹೊರಡುವ ಹಿಂದಿನ ದಿನ ಮನೆಯಲ್ಲೇ ಆ ಭಾಗದ ನಕಾಶೆಯನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಹೊಲಗಳ ನಡುವೆ ಸಿಗ್ನಲ್ ಸತ್ತರೂ ನೀಲಿ ಚುಕ್ಕೆ ನಿಮ್ಮ ಜೊತೆಗೇ ಓಡುತ್ತಿರುತ್ತದೆ. ಬ್ಯಾಟರಿ ಮಾತ್ರ ನೀರಿನಂತೆ ಖಾಲಿಯಾಗುತ್ತದೆ, ಕಾರಿಗೆ ಹಾಕುವ ಚಾರ್ಜರು ಮರೆಯಬೇಡಿ.

ಬೀಗರ ಮನೆಗೆ ಮೊದಲು ಗಾಣಗಾಪುರಕ್ಕೆ ಹೋಗಿ ದತ್ತನ ಪಾದುಕೆಯ ಮುಂದೆ ಪತ್ರಿಕೆ ಇಡಬೇಕು ಅಂತ ನೆಗೆಣ್ಣಿಯ ಹರಕೆ. “ಗಾಣಗಾಪುರ” ಅಂತ ಬರೆದೆ, ಮೊದಲು ಬಂದ ಹೆಸರು ಒತ್ತಿದೆ. ಫೋನಿನೊಳಗಿನ ಹೆಂಗಸು ಕನ್ನಡದಲ್ಲೇ “ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ” ಅಂತ ಹೇಳತೊಡಗಿದಳು. ಪಠ್ಯಪುಸ್ತಕದ ಕನ್ನಡ, ಮುಖ ನೋಡದೆ ಮಾತಾಡುವ ದನಿ. ನೆಗೆಣ್ಣಿ ಹಿಂದಿನ ಸೀಟಿನಿಂದ ಪ್ರತಿ ಸಲವೂ “ಆಯ್ತವ್ವಾ” ಅಂತ ಉತ್ತರ ಕೊಡುತ್ತಿದ್ದಳು. ಕೊನೆಗೆ “ನೀವು ತಲುಪಿದ್ದೀರಿ” ಅಂದಳು. ನೋಡಿದರೆ ಎದುರಿಗೆ ರೈಲು ನಿಲ್ದಾಣ! ಸೊಲ್ಲಾಪುರ ದಾರಿಯ ಗಾಣಗಾಪುರ ರೋಡ್ ನಿಲ್ದಾಣ ಅದು. ದತ್ತನ ಗುಡಿ ಇರುವುದು ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ದೇವಲ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ಕೂಡುವ ಸಂಗಮದ ಬಳಿ. ಮಹಾರಾಷ್ಟ್ರದಿಂದ ಬರುವ ಎಷ್ಟೋ ಭಕ್ತರು ರೈಲಿಳಿದು ಗುಡಿ ಎಲ್ಲಿ ಅಂತ ಹುಡುಕುತ್ತಾರೆ. ಅವರಿಗಾದರೂ ಕ್ಷಮೆ ಇದೆ, ಈ ಜಿಲ್ಲೆಯಲ್ಲೇ ಹುಟ್ಟಿದ ನಮಗೆ ಏನು ಹೇಳೋಣ!

ನಮ್ಮ ಕಡೆಯ ಊರ ಹೆಸರುಗಳ ಕಥೆಯೇ ಹೀಗೆ. ಹಿಪ್ಪರಗಿ ಅನ್ನಿ: ನಮ್ಮ ಆಳಂದ ತಾಲ್ಲೂಕಿನಲ್ಲಿ ಮಾದನ ಹಿಪ್ಪರಗಿ, ವಿಜಯಪುರ ಜಿಲ್ಲೆಯಲ್ಲಿ ದೇವರ ಹಿಪ್ಪರಗಿ. ಇನ್ನು ಕೆ ಮತ್ತು ಬಿ ಊರುಗಳು. ಕಲಬುರಗಿಯ ಹತ್ತಿರ ನಂದೂರ ಕೆ, ನಂದೂರ ಬಿ. ಅಫಜಲಪುರ ದಾರಿಯಲ್ಲಿ ಗೊಬ್ಬೂರ ಬಿ. ನಾವು ಚಿಕ್ಕವರಿದ್ದಾಗ ಇದು ಇಂಗ್ಲಿಷ್ ಅಕ್ಷರ ಅಂತಲೇ ತಿಳಿದಿದ್ದೆವು. ಅದು ನಿಜಾಮರ ಕಾಲದ ಕಂದಾಯ ದಫ್ತರದ ಮಾತು: ಖುರ್ದ್ ಅಂದರೆ ಕಿರಿಯದು, ಬುಜುರ್ಗ್ ಅಂದರೆ ಹಿರಿಯದು. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು; ಕೆ, ಬಿ ಮಾತ್ರ ಹಾಗೇ ಉಳಿದಿವೆ. ಫೋನಿಗೆ ಊರ ಹೆಸರು ಹೇಳುವಾಗ ಬರೀ ಹೆಸರು ಹೇಳಬೇಡಿ, ತಾಲ್ಲೂಕನ್ನೂ ಈ ಬಾಲವನ್ನೂ ಸೇರಿಸಿ ಹೇಳಿ. ದಾರಿ ಹಿಡಿಯುವ ಮುನ್ನ ಎಷ್ಟು ಕಿಲೋಮೀಟರು ತೋರಿಸುತ್ತದೆ, ಕೆಂಪು ಗುರುತು ನದಿಯ ಯಾವ ದಂಡೆಗೆ ಬಿದ್ದಿದೆ ಅಂತ ಒಮ್ಮೆ ನೋಡಿ. ನನಗೆ ಈ ಕೆ, ಬಿ ಬಗ್ಗೆ ಇಷ್ಟು ಕಳವಳ ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ರಾತ್ರಿ ಬೀಗರ ಮನೆಯಲ್ಲಿ ಉಳಿದೆವು. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮಾಲ್ದಿ. ಬೀಗಿತ್ತಿಯ ಕೈರುಚಿ ನೋಡಿ ಮಗಳ ಚಿಂತೆ ಅರ್ಧ ಕಡಿಮೆಯಾಯಿತು. ರಾತ್ರಿಯೆಲ್ಲ ಮಳೆ ಸುರಿಯಿತು.

ಬೆಳಿಗ್ಗೆ ಘತ್ತರಗಿಯ ದಾರಿ ಹಿಡಿದೆವು. ಅಲ್ಲಿ ಭಾಗ್ಯವಂತಿಯ ದರ್ಶನ ಮಾಡಿ, ಭೀಮಾ ದಾಟಿ ಜೇವರ್ಗಿ ಕಡೆ ಹೋಗುವುದು ಅಂತ ಲೆಕ್ಕ. ಸ್ವಲ್ಪ ದೂರ ಹೋದ ಮೇಲೆ ಫೋನು ಇನ್ನೊಂದು ದಾರಿ ತೋರಿಸಿತು, ಎಂಟು ನಿಮಿಷ ಉಳಿಯುತ್ತದೆ ಅಂತ. ಎಂಟು ನಿಮಿಷ ಉಳಿಸಿ ಏನು ಮಾಡುವುದಿತ್ತೋ ನನಗೆ, “ಹೂಂ, ತಿರುಗಿಸು” ಅಂದೆ. ಮೊದಲು ಡಾಂಬರು, ಆಮೇಲೆ ಜಲ್ಲಿ, ಆಮೇಲೆ ಬಂಡಿ ದಾರಿ. ಎರಡೂ ಕಡೆ ತೊಗರಿ ಹೂಬಿಟ್ಟು ಹಳದಿ ಹಚ್ಚಿಕೊಂಡು ನಿಂತಿತ್ತು. ನಮ್ಮ ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆಯಲ್ಲ, ಅದರ ಸೊಬಗು ನೋಡುತ್ತ ನಾನೂ ನೆಗೆಣ್ಣಿಯೂ ಮೈಮರೆತೆವು. ಗಾಡಿ ನಿಂತಾಗಲೇ ಎಚ್ಚರ. ಚಕ್ರ ಎರೆಮಣ್ಣಿನಲ್ಲಿ ಹೂತಿತ್ತು.

ಎರೆ ನೆಲದ ಗುಣ ನಿಮಗೆ ಗೊತ್ತಿರಬಹುದು. ಒಣಗಿದರೆ ಕೈ ಹೋಗುವಷ್ಟು ಬಿರುಕು, ನೆನೆದರೆ ಹೂರಣಕ್ಕಿಂತ ಜಿಗುಟು. ಚಪ್ಪಲಿ ಇಟ್ಟರೆ ಚಪ್ಪಲಿಯನ್ನೇ ಇಟ್ಟುಕೊಳ್ಳುತ್ತದೆ. ಹುಡುಗ ಎಕ್ಸಿಲರೇಟರು ಒತ್ತಿದಷ್ಟೂ ಗಾಡಿ ಕೆಳಗಿಳಿಯಿತು. ಫೋನಿನಲ್ಲಿ ಮಾತ್ರ ನಮ್ಮ ದಾರಿ ನೀಲಿ ಬಣ್ಣದಲ್ಲಿ ಚಂದವಾಗಿ ಮುಂದೆ ಹೋಗುತ್ತಲೇ ಇತ್ತು.

ಹೊಲದಲ್ಲಿ ಕಸ ತೆಗೆಯುತ್ತಿದ್ದ ನಾಲ್ಕೈದು ಹೆಣ್ಣುಮಕ್ಕಳು ಓಡಿ ಬಂದರು. ಅವರಲ್ಲಿ ಹಿರಿಯಾಕೆ, “ಎಲ್ಲಿಗಿ ಹೊಂಟೀರಿ ಅಕ್ಕಾರ, ಈ ದಾರೀಲೆ?” ಅಂದಳು. ಘತ್ತರಗಿಗೆ ಅಂದೆ.

“ಮುಂದ ಹಳ್ಳ ಅದರಿ. ರಾತ್ರಿ ಮಳಿಗಿ ಎದಿಮಟ ನೀರ ಬಂದಾವ. ಯಾರ ಹೇಳ್ಯಾರ ನಿಮಗ ಈ ದಾರಿ?”

ನಾನು ಫೋನು ತೋರಿಸಿದೆ. ಆಕೆ ಬಗ್ಗಿ ನೋಡಿ, ತನ್ನ ಮಣ್ಣಿನ ಕೈಯನ್ನು ಹಿಂದೆ ಇಟ್ಟುಕೊಂಡು ಕೇಳಿದಳು: “ಇದಕ್ಕ ನೀರ ಕಾಣ್ತಾವೇನ್ರಿ?”

ಇಲ್ಲ, ಅದಕ್ಕೆ ನೀರು ಕಾಣುವುದಿಲ್ಲ. ಬೇಸಿಗೆಯಲ್ಲಿ ಯಾರೋ ಟ್ರ್ಯಾಕ್ಟರಿನಲ್ಲಿ ಹೋದ ದಾರಿಯೂ ಅದಕ್ಕೆ ದಾರಿಯೇ. ಚಕ್ರದ ಕೆಳಗೆ ತೊಗರಿಕಟ್ಟಿಗೆ ಹಾಕಿ, ಎಲ್ಲರೂ ಸೇರಿ ದಬ್ಬಿ ಗಾಡಿ ಹಿಂದಕ್ಕೆ ತೆಗೆಸಿದರು. ಎಂಟು ನಿಮಿಷ ಉಳಿಸಲು ಹೋಗಿ ಒಂದೂವರೆ ಗಂಟೆ ಹೋಯಿತು. ಅವರಿಗೆ ಹಣ ಕೊಡಲು ಹೋದರೆ ತಗೊಳ್ಳಲಿಲ್ಲ, ಲಗ್ನಪತ್ರಿಕೆ ಕೊಟ್ಟೆ. ಮುಂದಿನ ತಿಂಗಳೇ ಪತ್ರಿಕೆಗಳಲ್ಲಿ ಸುದ್ದಿ ಓದಿದೆ. ಉತ್ತರ ಪ್ರದೇಶದ ಬರೇಲಿ ಹತ್ತಿರ, 2024ರ ನವೆಂಬರಿನಲ್ಲಿ, ಫೋನಿನ ನಕಾಶೆ ನಂಬಿ ಹೋದ ಕಾರೊಂದು ಅರ್ಧಕ್ಕೆ ಮುರಿದ ಸೇತುವೆಯ ಮೇಲಿಂದ ರಾಮಗಂಗಾ ನದಿಯ ಪಾತ್ರಕ್ಕೆ ಬಿದ್ದು ಮೂವರು ಸತ್ತರು. ಪ್ರವಾಹದಲ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಗಿದ್ದದ್ದು ನಕಾಶೆಗೆ ಗೊತ್ತಿರಲಿಲ್ಲ. ಆ ದಿನ ರೊಟ್ಟಿ ತಟ್ಟುತ್ತಿದ್ದವಳು ಕೈ ಬಿಟ್ಟು ಕೂತೆ. ಆ ಹಿರಿಯಾಕೆಯ ಮುಖ ಕಣ್ಣೆದುರಿಗೆ ಬಂತು.

ಅದಕ್ಕೇ ಗೆಳತಿಯರೇ, ಡಾಂಬರು ಬಿಟ್ಟು ಇಳಿಯುವ ಮುಂಚೆ ಗಾಡಿ ನಿಲ್ಲಿಸಿ, ಗಾಜು ಇಳಿಸಿ, ಯಾರನ್ನಾದರೂ ಕೇಳಿ. ಅದರಲ್ಲೂ ಮಳೆಗಾಲದಲ್ಲಿ. “ಇಲ್ಲೇ ಹತ್ರ ಅದ” ಅಂದರೆ ಐದು ಕಿಲೋಮೀಟರು ಅಂತ ತಿಳಿಯಿರಿ. ಆದರೆ “ಹೋಗಬ್ಯಾಡ್ರಿ” ಅಂದರೆ ಮರುಮಾತಿಲ್ಲದೆ ತಿರುಗಿ.

ಘತ್ತರಗಿಯಲ್ಲಿ ಭೀಮಾ ತುಂಬಿ ಹರಿಯುತ್ತಿದ್ದಳು, ಸೇತುವೆಗೆ ತೊಂದರೆ ಇರಲಿಲ್ಲ. 2020ರ ಅಕ್ಟೋಬರಿನಲ್ಲಿ ಇದೇ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ದಂಡೆಯ ಹಳ್ಳಿಗಳೆಲ್ಲ ನೀರಿನಲ್ಲಿ ನಿಂತಿದ್ದವು. ಉಡಿ ತುಂಬಿಸಿ, ನದಿ ದಾಟಿ, ನೆಲೋಗಿ ಹಾದು ಜೇವರ್ಗಿ ಕಡೆ ಹೊರಟೆವು. ನೆಲೋಗಿ ಅಂದರೆ 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅವರ ಊರು. ಇಷ್ಟು ವರ್ಷ ಹೆಸರು ಕೇಳಿದ್ದೆ, ಕಣ್ಣಿನಿಂದ ನೋಡಿದ್ದು ಅವತ್ತೇ.

ಈಗ ಆ ಕೆ, ಬಿ ಮಾತಿಗೆ ಬರುತ್ತೇನೆ.

ನನ್ನ ತವರೂರಿನ ಹೆಸರಿನ ಊರು ನಮ್ಮ ಕಡೆ ಎರಡಿವೆ, ಒಂದು ಕೆ, ಒಂದು ಬಿ. ಊರ ಹೆಸರು ಇಲ್ಲಿ ಬೇಡ. ದೊಡ್ಡಪ್ಪ, ದೊಡ್ಡವ್ವ ಇರುತ್ತಿದ್ದದ್ದು ಊರೊಳಗಲ್ಲ, ಮೂರು ಕಿಲೋಮೀಟರು ಆಚೆ ಹೊಲದ ಮನೆಯಲ್ಲಿ. 2021ರಲ್ಲಿ ಒಂದು ರಾತ್ರಿ ದೊಡ್ಡಪ್ಪನಿಗೆ ಎದೆನೋವು ಬಂತು. ದೊಡ್ಡವ್ವ ಫೋನು ಮಾಡಿದರು, ಆಸ್ಪತ್ರೆಯ ಗಾಡಿಯೂ ಹೊರಟಿತು. ಹೋದದ್ದು ಇನ್ನೊಂದು ಊರಿಗೆ. ಅಲ್ಲಿಂದ ತಿರುಗಿ ನಮ್ಮೂರಿಗೆ ಬಂದ ಮೇಲೂ ಹೊಲದ ಮನೆ ಯಾವ ಕಡೆ ಅಂತ ಚಾಲಕನಿಗೆ ಹೇಳುವವರಿಲ್ಲ. ದೊಡ್ಡವ್ವ ಫೋನಿನಲ್ಲಿ ಹೇಳುತ್ತಲೇ ಇದ್ದರು: “ಬೇವಿನ ಗಿಡ ದಾಟಿ ಬರ್ರಿ, ಹಳೇ ಬಾವಿ ಬಾಜೂಕ ಹೊಳ್ರಿ.” ಕತ್ತಲಲ್ಲಿ ಬೇವಿನ ಗಿಡ ಯಾವುದು, ಜಾಲಿ ಯಾವುದು? ಆ ಚಾಲಕನ ತಪ್ಪೇನೂ ಇರಲಿಲ್ಲ. ಗಾಡಿ ಮನೆ ಮುಂದೆ ನಿಂತಾಗ ಎರಡು ಗಂಟೆ ಕಳೆದಿತ್ತು. ದೊಡ್ಡಪ್ಪ ಹೋಗಿಬಿಟ್ಟಿದ್ದರು.

ಬೇಗ ಬಂದಿದ್ದರೆ ಉಳಿಯುತ್ತಿದ್ದರೇನೋ, ಯಾರು ಹೇಳಬಲ್ಲರು? ಆದರೆ ಐವತ್ತು ವರ್ಷ ಬಾಳಿದ ಮನೆ ಎಲ್ಲಿದೆ ಅಂತ ಹೇಳಲು ಬರಲಿಲ್ಲ ನನಗೆ ಅಂತ ದೊಡ್ಡವ್ವ ಇವತ್ತಿಗೂ ಅನ್ನುತ್ತಾರೆ. ಮಕ್ಕಳು ಕರೆದರೂ ಊರೊಳಗೆ ಹೋಗಿಲ್ಲ. ಆಳುಮಗಳೊಬ್ಬಳ ಜೊತೆ ಅಲ್ಲೇ ಇದ್ದಾರೆ.

ಪತ್ರಿಕೆ ಕೊಟ್ಟು, ಕಾಲಿಗೆ ಬಿದ್ದು, ಚಹಾ ಕುಡಿದ ಮೇಲೆ ನಾನು ಫೋನು ಹಿಡಿದು ಅಂಗಳಕ್ಕೆ ಬಂದೆ. ತಗಡಿನ ಕೆಳಗೆ ನಿಂತರೆ ಜಾಗ ಸರಿಯಾಗಿ ಸಿಗುವುದಿಲ್ಲ, ಬಯಲಿಗೆ ಬರಬೇಕು. ನೀಲಿ ಚುಕ್ಕೆ ಅಲುಗಾಡುವುದು ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಆಮೇಲೆ ಅದೇ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಕೆಂಪು ಗುರುತು ನೆಡುತ್ತದೆ. ಕೆಳಗೆ ಎರಡು ಅಂಕಿ ಬರುತ್ತವೆ, ಒಂದು ಅಕ್ಷಾಂಶ, ಒಂದು ರೇಖಾಂಶ. ಶಾಲೆಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನವೇ ಮರೆತಿದ್ದ ಮಾತುಗಳು! ನಮ್ಮ ಕಡೆ ಮೊದಲನೆಯದು 17ರ ಸುತ್ತಮುತ್ತ, ಎರಡನೆಯದು 76ರಿಂದ ಶುರು. ಚುಕ್ಕಿಯ ನಂತರ ಐದು ಅಂಕಿ ಬರೆದುಕೊಂಡರೆ ಅಂಗಳದವರೆಗೆ ದಾರಿ ಸಿಗುತ್ತದೆ. ಆ ಗುರುತಿಗೆ ಹೆಸರು ಕೊಟ್ಟು ಉಳಿಸಬಹುದು, ವಾಟ್ಸಾಪಿನಲ್ಲಿ ಕಳಿಸಲೂಬಹುದು. ಕಳಿಸಿದವರು ಅದನ್ನು ಒತ್ತಿದರೆ ಸಾಕು, ಕೆ ಬೇಡ, ಬಿ ಬೇಡ, ಬೇವಿನ ಗಿಡ ಬೇಡ.

ಅಂಕಿಗಳನ್ನು ದಪ್ಪಗೆ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ, ಮೇಲೆ 108 ಅಂತಲೂ ಬರೆದೆ. ಆಳುಮಗಳಿಗೆ ಎರಡು ಸಲ ಓದಿಸಿದೆ. ನೀವೂ ನಿಮ್ಮ ಮನೆಯ ಅಂಕಿ ಹೀಗೆ ಬರೆದಿಡಿ. ಹೊಲದ ಮನೆ, ಹೊಸ ಬಡಾವಣೆ, ಗಲ್ಲಿಯೊಳಗಿನ ಮನೆ ಇದ್ದವರಂತೂ ತಡಮಾಡಬೇಡಿ. ಆದರೆ ಒಂದು ಎಚ್ಚರ. ಮನೆಯ ಗುರುತು ಕಳಿಸುವುದು ಬೇರೆ, ನಾವು ಓಡಾಡುವ ಜಾಗವನ್ನು ಗಳಿಗೆಗಳಿಗೆಗೂ ತೋರಿಸುವ ಲೈವ್ ಲೊಕೇಶನ್ ಬೇರೆ. ವಾಟ್ಸಾಪಿನಲ್ಲಿ ಅದಕ್ಕೆ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಅಂತ ಅವಧಿ ಇದೆ. ರಾತ್ರಿ ಒಬ್ಬರೇ ಬರುವಾಗ ಮನೆಯವರಿಗೆ ಕಳಿಸಿ. ಬಳಗದ ಗುಂಪಿಗೆಲ್ಲ ಹಾಕಿ ಕೂರಬೇಡಿ.

ಗುರುತಿಗೆ ಏನು ಹೆಸರಿಡಲಿ ಅಂತ ದೊಡ್ಡವ್ವನನ್ನೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. “ಬೇವಿನಗಿಡದ ಹೊಲ ಅಂತಲೇ ಬರಿ. ಅವರು ಹಂಗೇ ಅಂತಿದ್ದರು” ಅಂದರು. ಬರೆದೆ. ಅಣ್ಣ-ತಮ್ಮಂದಿರಿಗೆ ಕಳಿಸಿದೆ.

ದೊಡ್ಡವ್ವ ನನ್ನ ಫೋನು ಇಸಿದುಕೊಂಡು ಆ ಕೆಂಪು ಗುರುತನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಸುತ್ತಲೂ ಬರೀ ಬಿಳಿ ಜಾಗ, ನಡುವೆ ಅದೊಂದೇ.

“ಯವ್ವಾ, ಇನ್ಮ್ಯಾಲ ನಾ ಎಲ್ಲಿ ಅದೀನಿ ಅಂತ ಎಲ್ಲಾರಿಗೂ ಗೊತ್ತಾಗ್ತದೇನು?”

“ಎಲ್ಲಾರಿಗೂ ಇಲ್ಲ ದೊಡ್ಡವ್ವ, ನಾ ಕಳಿಸಿದವರಿಗೆ ಅಷ್ಟೇ.”

“ಹಂಗಾರ ನಿನ್ನ ಮಗಳಿಗೂ ಕಳಸು. ಅಫಜಲಪೂರದಿಂದ ಹತ್ರ ಆಗ್ತದಲ್ಲ, ಬರಲಿ.”

ಅಂಗಳದಲ್ಲಿ ನಿಂತೇ ಕಳಿಸಿದೆ.